ಭಾನುವಾರ ಕೋಟೆ ಸ್ವಚ್ಛತೆ: ಶುಕ್ರವಾರದೊಳಗೆ ಹೆಸರು ಕೊಡಿ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6ಕ್ಕೆ ನಮ್ಮ ಎನ್ನೆಸ್ಸೆಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕದವರೆಲ್ಲ ಬಳ್ಳಾರಿ ಕೋಟೆ ಬಾಗಿಲ ಹತ್ತಿರ ಸೇರೋಣ. 9ರೊಳಗೆ ಮುಗಿಸಲೇಬೇಕು, ಆಮೇಲೆ ಬಂಡೆ ಕಾದ ಹಂಚಾಗುತ್ತೆ. ಹೋದ ಸಲ ತಡವಾಗಿ ಬಂದ ಇಬ್ಬರು ಅರ್ಧ ಮೆಟ್ಟಿಲಲ್ಲೇ ಕೂತುಬಿಟ್ರು (ಹೆಸರು ಹೇಳಲ್ಲ).

ಎರಡು ಲೀಟರ್ ನೀರು, ಟೋಪಿ, ಜಾರದ ಬೂಟು ನೀವೇ ತನ್ನಿ. ಕೈಗವಸು, ಗೋಣಿಚೀಲ ನಾನು ತರ್ತೀನಿ. ಬಂಡೆ ಸಂದಿಗಳಲ್ಲಿ ಸಿಕ್ಕಿಕೊಂಡ ಗುಟ್ಕಾ ಚೀಟಿ, ನೀರಿನ ಬಾಟಲಿ ಆರಿಸೋದೇ ಮುಖ್ಯ ಕೆಲಸ. ಗೋಡೆ ಮೇಲಿನ ಪ್ರೇಮಪತ್ರಗಳನ್ನ ಮಾತ್ರ ಉಜ್ಜೋಕೆ ಹೋಗಬೇಡಿ. ಸಂರಕ್ಷಿತ ಸ್ಮಾರಕ ಅದು, ಹಳೆ ಕಲ್ಲಿಗೇ ಪೆಟ್ಟು ಬೀಳುತ್ತೆ.

ಎನ್ನೆಸ್ಸೆಸ್‌ನಲ್ಲಿ ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಆಗಬೇಕು ಅನ್ನೋದು ನೆನಪಿರಲಿ. ಕೆಲವರದು ಇನ್ನೂ 60 ದಾಟಿಲ್ಲ. ರೀಲ್ಸ್ ನೋಡಿದ ಗಂಟೆ ಸೇರಿಸೋಕಾಗಲ್ಲ! ಪರೀಕ್ಷೆ ಇರೋರು, ಊರಿಗೆ ಹೋಗೋರು ಬರದಿದ್ರೂ ಬೇಜಾರಿಲ್ಲ, ಒಂದು ಮಾತು ಹೇಳಿ ಸಾಕು. ರಜೆ ನಿಮ್ಮದೇ.

ಬರುವವರು ಶುಕ್ರವಾರ ರಾತ್ರಿ 9ರೊಳಗೆ ಹೆಸರು, ಸೆಮಿಸ್ಟರ್ ಇಲ್ಲೇ ಹಾಕಿ. ಬರೀ ಹೆಬ್ಬೆರಳು ಒತ್ತಿದ್ರೆ ಬರ್ತೀರೋ ಇಲ್ವೋ ತಿಳಿಯಲ್ಲ. ತಿಂಡಿಗೆ ಮಂಡಕ್ಕಿ ಒಗ್ಗರಣೆ-ಮಿರ್ಚಿ, ತಲೆಗೆ 40 ರೂಪಾಯಿ. ಚಿಲ್ಲರೆ ತನ್ನಿ.