ಎಚ್ಚೆಂಟಿಗೆ ಒಂದು ಪತ್ರ, ವಾಚು ರಿಪೇರಿ ಆದ ವಿಷಯ

ಮಾರಾಯ ಎಚ್ಚೆಂಟಿ,

ನಿನ್ನ ವಾಚು ರಿಪೇರಿ ಆಯ್ತು. ಇಷ್ಟು ಹೇಳ್ಲಿಕ್ಕೆ ಒಂದು ಫೋನ್ ಸಾಕಿತ್ತು, ಆದ್ರೆ ಫೋನಲ್ಲಿ ನೀನು ನನಗೆ ಬಾಯಿ ತೆರೀಲಿಕ್ಕೆ ಬಿಡುವುದಿಲ್ಲ, ಅಡಿಕೆಗೆ ರೇಟ್ ಎಷ್ಟು, ಕೊಳೆರೋಗಕ್ಕೆ ಮದ್ದು ಎಷ್ಟು ಸಲ ಬಿಟ್ಟದ್ದು ಅಂತ ಶುರು ಮಾಡಿದ್ರೆ ನನ್ನ ಬ್ಯಾಟರಿ ಮುಗೀತದೆ. ಹಾಗಾಗಿ ಬರೀತಿದ್ದೇನೆ. ನಾವು ಮಾತಾಡೋದು ತುಳು, ಬೈಯೋದು ಹಿಂದಿ, ಬರೆಯೋದು ಕನ್ನಡ, ಇದು ಮೊದಲಿಂದ ಇದ್ದ ಕ್ರಮ. ಎಲ್ಲರಿಗೂ ಕಾಣುವ ಹಾಗೆ ಯಾಕೆ ಹಾಕಿದ್ದು ಅಂತ ಕೇಳ್ಬೇಡ. ನಾಲ್ಕು ಜನ ನೋಡ್ತಿದ್ರೆ ನಾನು ಸ್ವಲ್ಪ ಮರ್ಯಾದೆಯಲ್ಲಿ ಇರ್ತೇನೆ, ಅದಕ್ಕೆ. ಬೆಣ್ಣೆ ಡಬ್ಬಿಯ ವಿಷಯ ಬರೆಯುವುದಿಲ್ಲ, ಹೆದರ್ಬೇಡ.

ನಿನ್ನ ಸಣ್ಣ ಮಗನಿಗೆ ಹಳೇ ಎಚ್‌ಎಂಟಿಯ ಮರುಳು ಹಿಡಿದಿದೆ, ಅಪ್ಪನ ವಾಚು ಎಲ್ಲಿ ಅಂತ ಕೇಳ್ತಾನೆ ಅಂತ ನೀನು ಹೇಳಿದ ದಿನವೇ ಅಟ್ಟ ಹತ್ತಿ ಟ್ರಂಕ್ ಇಳಿಸಿದೆ. ನಮ್ಮ ಉಡುಪಿ ಮಳೆ ಗೊತ್ತುಂಟಲ್ಲ, ಒಳಗಿದ್ದದ್ದಕ್ಕೆಲ್ಲ ಬೂಸ್ಟು, ಬೆಲ್ಟ್ ಮುಟ್ಟಿದ್ರೆ ಹಪ್ಪಳದ ಹಾಗೆ ಪುಡಿ ಪುಡಿ. ವಾಚು ಮಾತ್ರ ಹಾಗೇ ಉಂಟು. ಕಪ್ಪು ಡಯಲ್, 17 ಜ್ಯುವೆಲ್, ಪೈಲಟ್. ಹೆಸರು ಪೈಲಟ್, ಪಾಪ ಅದು ಹೋದದ್ದೆಲ್ಲ ನಡ್ಕೊಂಡೇ.

ಅದನ್ನು ಅಂಗೈಯಲ್ಲಿ ಇಟ್ಕೊಂಡು ಅಟ್ಟದಲ್ಲೇ ಕೂತೆ ಸ್ವಲ್ಪ ಹೊತ್ತು. ನಮ್ಮ ಇಡೀ ಮಿಲಿಟರಿ ನೌಕರಿ ವಾಚಿನದ್ದೇ ಅಲ್ವಾ ಮಾರಾಯ? ಊಟಿ ಹತ್ತಿರದ ವೆಲ್ಲಿಂಗ್ಟನ್‌ನಲ್ಲಿ ಟ್ರೈನಿಂಗ್ ಮಾಡುವ ರಂಗ್ರೂಟ್ ಇದ್ದಾಗ ನಮ್ಮ ಕೈಯಲ್ಲಿ ವಾಚು ಇರ್ಲಿಲ್ಲ, ನಮ್ಮ ಟೈಮ್ ಡ್ರಿಲ್ ಕಲಿಸುವ ಉಸ್ತಾದ್ ಕೈಯಲ್ಲಿತ್ತು. ಕಮಾಂಡಿಂಗ್ ಆಫೀಸರ್ ಸಾಹೇಬ್ರು ಆರು ಗಂಟೆ ಅಂದ್ರೆ ಕಂಪನಿ ಕಮಾಂಡರ್ ಐದು ಮುಕ್ಕಾಲು ಅಂತಾನೆ, ಸುಬೇದಾರ್ ಸಾಬ್ ಐದೂವರೆ, ಹವಾಲ್ದಾರ್ ಐದು, ನಾವು ನಾಲ್ಕಕ್ಕೆ ಎದ್ದು ಬೂಟಿಗೆ ಪಾಲಿಶ್ ಹೊಡೆದು ಚಳಿಯಲ್ಲಿ ನಿಂತದ್ದು. ಎರಡು ಗಂಟೆ ಮೊದಲೇ ಬಂದು ಸುಮ್ನೆ ನಿಲ್ಲೋದೇ ಫೌಜು ಅಂತ ನೀನು ಹೇಳಿದ ಮಾತು ನಾನು ಮಗನ ಮದುವೆಯಲ್ಲೂ ಹೇಳಿದ್ದೇನೆ, ನನ್ನ ಮಾತು ಅಂತ ಹೇಳಿ.

ಮತ್ತೆ ಪಲ್ಟನ್ನಿಗೆ ಬಂದ ಮೇಲೆ ನೀನು ಮೊದಲ ಸಂಬಳ ಕೂಡಿಸಿ ಕ್ಯಾಂಟೀನಲ್ಲಿ ಇದನ್ನು ತಗೊಂಡೆ. ನಂಗೆ ದುಬೈಯಿಂದ ಭಾವ ಕ್ಯಾಸಿಯೋ ತಂದ. ಆಗ ನಮ್ಮ ಊರಲ್ಲಿ ದುಬೈಗೆ ಹೋದವ ಬರುವಾಗ ಮೂರೇ ಐಟಂ, ಸೆಂಟು, ಟೇಪ್‌ರೆಕಾರ್ಡರ್, ಕ್ಯಾಸಿಯೋ. ಲೈಟ್ ಉಂಟು, ಅಲಾರಂ ಉಂಟು, ಸೆಕೆಂಡಿನ ನೂರರಲ್ಲಿ ಒಂದು ಭಾಗ ತೋರಿಸ್ತದೆ ಅಂತ ನಾನು ಮೆರೆದದ್ದೇ ಮೆರೆದದ್ದು. ನೀನು ಬಿಡ್ಬೇಕಲ್ಲ. 1961ರಲ್ಲಿ ಬೆಂಗಳೂರಲ್ಲಿ ಜಪಾನಿನ ಸಿಟಿಜನ್ ಕಂಪನಿ ಜೊತೆ ಸೇರಿ ಶುರು ಮಾಡಿದ ಕಾರ್ಖಾನೆ, ನೆಹರೂ ಕೈಯಲ್ಲಿ ಮೊದಲ ವಾಚು ಬಿಡುಗಡೆ ಆದದ್ದು, ನಮ್ಮ ರಾಜ್ಯದ ವಾಚು ಕಟ್ಟೋದು ಬಿಟ್ಟು ಆಟಿಕೆ ಕಟ್ತೀಯಾ ಅಂತ ಭಾಷಣ. ಅಲ್ಲಿಂದ ನೀನು ಎಚ್ಚೆಂಟಿ, ನಾನು ಕ್ಯಾಸಿಯೋ. ತಂದೆ ತಾಯಿ ಇಟ್ಟ ಹೆಸರು ಸಂಬಳ ತಗೊಳ್ಳುವಾಗ ಮಾತ್ರ.

ವಾಚಿನ ಮುಖ ಮಣಿಕಟ್ಟಿನ ಒಳಬದಿಗೆ ಕಟ್ಟೋದು ನಂಗೆ ಇನ್ನೂ ಬಿಟ್ಟು ಹೋಗ್ಲಿಲ್ಲ. ಗಾಜು ಬಿಸಿಲಿಗೆ ಮಿಂಚಬಾರದು, ರಾತ್ರಿ ಮುಳ್ಳಿನ ಬೆಳಕು ಹೊರಗೆ ಕಾಣಬಾರದು, ರೈಫಲ್ ಹಿಡಿದ ಕೈ ತಿರುಗಿಸದೆ ಟೈಮ್ ನೋಡ್ಬೇಕು, ಅದಕ್ಕೆ ಕಲಿಸಿದ್ದು. ಈಗ ಮೀನು ಮಾರ್ಕೆಟಲ್ಲೂ ಹಾಗೇ. ಮೊನ್ನೆ ಮೊಮ್ಮಗಳು ಕೇಳಿದ್ಳು, ಅಜ್ಜ ಯಾರಿಗೂ ಕಾಣದ ಹಾಗೆ ಯಾಕೆ ವಾಚು ಕಟ್ಟೋದು? ನಾಲ್ಕು ವರ್ಷದ ಮಗು. ನಂಗೆ ಎಂತ ಹೇಳ್ಬೇಕು ಅಂತ ಗೊತ್ತಾಗ್ಲಿಲ್ಲ.

ಇರ್ಲಿ, ರಿಪೇರಿ ವಿಷಯ. ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರ ಒಬ್ರು ವಯಸ್ಸಾದವ್ರು ಇದ್ದಾರೆ, ಗೂಡಂಗಡಿಯಷ್ಟೇ ಜಾಗ, ಕಣ್ಣಿಗೆ ಮಸೂರ ಸಿಕ್ಕಿಸಿ ಕೂತ್ರೆ ಎದುರು ಭೂಕಂಪ ಆದ್ರೂ ತಲೆ ಎತ್ತುವುದಿಲ್ಲ. ಹೊರಗೆ ಎರಡು ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರ್‌ಗಳು ಟೈಮಿಂಗ್ ವಿಷಯಕ್ಕೆ ಕಾಲರ್ ಹಿಡ್ಕೊಂಡಿದ್ರು, ನಿನ್ನದು 42, ನನ್ನದು 44 ಅಂತ, ಎರಡು ನಿಮಿಷಕ್ಕೆ ಮಾರಾಯ. ಒಳಗೆ ಇವ್ರು ಹಿಂದಿನ ಮುಚ್ಚಳ ತೆಗೆದು ನೋಡ್ತಿದ್ರು. ಸರ್ಕಾರ 2016ರಲ್ಲಿ ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ ಮಾಡಿದ ಮೇಲೆ ಸಾಮಾನು ಸಿಗೋದು ಕಷ್ಟ ಸಾ, ಸತ್ತ ವಾಚಿಂದ ತೆಗೆದು ಬದುಕಿದ್ದಕ್ಕೆ ಹಾಕೋದು ಅಂದ್ರು. ನಿನ್ನದಕ್ಕೆ ಅದೂ ಬೇಕಾಗ್ಲಿಲ್ಲ, ಎಣ್ಣೆ ಒಣಗಿತ್ತು ಅಷ್ಟೇ, ತೊಳೆದು ಎಣ್ಣೆ ಬಿಟ್ರೆ ಆಯ್ತು.

ಎರಡು ದಿನ ಬಿಟ್ಟು ಹೋದಾಗ ಕೇಳಿದ್ರು, ಸಾ, ಈ ವಾಚು ಸ್ಲೋ ಹೋಗ್ತಿತ್ತಾ?

ಇಲ್ಲ, ಫಾಸ್ಟ್, ಅಂದೆ. ನಾವು ಯಾವಾಗ್ಲೂ ಹೇಳೋದು ಅದೇ ಅಲ್ವಾ, ಎಚ್ಚೆಂಟಿಯ ವಾಚಿಗೆ ಊರಿಗೆ ಹೋಗುವ ಅರ್ಜೆಂಟು ಅಂತ.

ಅವ್ರು ನಂಗೂ ಮಸೂರ ಕೊಟ್ರು. ಬ್ಯಾಲೆನ್ಸ್ ಚಕ್ರದ ಮೇಲೆ ಒಂದು ಸಣ್ಣ ಕಡ್ಡಿ ಉಂಟು, ಇರುವೆ ಕಾಲಿನಷ್ಟು. ಒಂದು ಬದಿಗೆ ದೂಡಿದ್ರೆ ವಾಚು ಫಾಸ್ಟ್, ಇನ್ನೊಂದು ಬದಿಗೆ ದೂಡಿದ್ರೆ ಸ್ಲೋ. ನಿನ್ನದರ ಕಡ್ಡಿ ಸ್ಲೋ ಬದಿಯ ತುತ್ತತುದಿಗೆ ಹೋಗಿ ಕೂತಿತ್ತು. ಯಾರೋ ಬೇಕಂತಲೇ ಎಳೆದದ್ದು ಸಾ, ಅಂದ್ರು. ನಂಗೆ ನೆನಪಾಯ್ತು. ಲೇಹ್ ಬಜಾರಲ್ಲಿ ನೀನು ಊರುಗೋಲು ಹಿಡ್ಕೊಂಡು ಹೋಗಿ ಇಪ್ಪತ್ತು ರೂಪಾಯಿ ಕೊಟ್ಟು ಫಾಸ್ಟ್ ಸರಿ ಮಾಡಿಸಿದ್ದು. ಆಮೇಲೆ ಅದು ಸ್ಲೋ ಹೋಗ್ಲಿಕ್ಕೆ ಶುರುವಾಗಿ, ಮೊದಲು ಫಾಸ್ಟ್, ಈಗ ಸ್ಲೋ, ಇದಕ್ಕೆ ತಲೆ ಸರಿ ಇಲ್ಲ, ನೀನೇ ಇಟ್ಕೋ ಅಂತ ನಂಗೆ ಕೊಟ್ಟದ್ದು.

ಈಗ ಕಡ್ಡಿಯನ್ನು ಮಧ್ಯಕ್ಕೆ ತಂದಿದ್ದೇನೆ, ಸರಿಯಾಗಿ ಹೋಗ್ತಾ ಉಂಟು, ಅಂದ್ರು ಅವ್ರು. ಮೊಬೈಲಿಗೆ ಟಿಕ್ ಟಿಕ್ ಕೇಳಿಸಿ ತೋರಿಸಿದ್ರು, ದಿನಕ್ಕೆ ಹತ್ತು ಹನ್ನೆರಡು ಸೆಕೆಂಡ್ ಆಚೆ ಈಚೆ. ನಾನು ಬಿಡದೆ ಕೇಳಿದೆ, ಫೀಲ್ಡ್ ಟೆಲಿಫೋನಿನ ಮ್ಯಾಗ್ನೆಟ್ ತಾಗಿ ಫಾಸ್ಟ್ ಆದದ್ದಾಗಿರಬಹುದಾ ಅಂತ. ಹೌದು, ಮ್ಯಾಗ್ನೆಟ್ ತಾಗಿದ್ರೆ ಹೇರ್ ಸ್ಪ್ರಿಂಗಿನ ಸುತ್ತು ಒಂದಕ್ಕೊಂದು ಅಂಟಿ ವಾಚು ಓಡ್ತದೆ ಅಂತ ಹೇಳಿ ದಿಕ್ಸೂಚಿ ತಂದು ಪಕ್ಕದಲ್ಲಿ ಇಟ್ರು. ಮುಳ್ಳು ಅಲ್ಲಾಡ್ಲಿಲ್ಲ. ಅದಕ್ಕೆ ಇಲ್ಲದ ಕಾಯಿಲೆಗೆ ಯಾರೋ ಮದ್ದು ಮಾಡಿದ್ದಾರೆ ಸಾ, ಅಂದ್ರು.

ಇನ್ನೂರೈವತ್ತು ರೂಪಾಯಿ ಕೊಟ್ಟು ಹೊರಗೆ ಬಂದೆ. ಕಂಡಕ್ಟರ್‌ಗಳ ಜಗಳ ಮುಗಿದಿತ್ತು.

ಮಾರಾಯ, ಇಲ್ಲಿಂದ ಮುಂದೆ ಬರೆಯೋದು ಇಲ್ಲ ಅಂತಲೇ ಕೂತದ್ದು. ವಾಚು ರಿಪೇರಿ ಆಯ್ತು, ಶನಿವಾರ ತರ್ತೇನೆ, ಅಷ್ಟೇ ಬರೀಬೇಕು ಅಂತ.

1992ರ ಜನವರಿ. 18,000 ಅಡಿ ಮೇಲೆ ಹಿಮದ ಪೋಸ್ಟಲ್ಲಿ ಆ ಫೈಬರ್ ಗುಡಿಸಲು, ಬುಕಾರಿ ಒಲೆಯ ಸೀಮೆಎಣ್ಣೆ ಹೊಗೆಗೆ ಉಗುಳಿದ್ರೂ ಕಪ್ಪು. ಚಳಿಗೆ ನನ್ನ ಕ್ಯಾಸಿಯೋದ ಅಂಕಿಗಳು ಮಸುಕಾಗಿ ಕಡೆಗೆ ಕಾಣದೇ ಹೋದವು, ನೀನು ನಕ್ಕದ್ದು ಇನ್ನೂ ಕಿವಿಯಲ್ಲಿ ಉಂಟು. ಹಾಗಾಗಿ ನಿನ್ನ ಪೈಲಟ್ಟೇ ಪೋಸ್ಟಿನ ವಾಚು ಆಯ್ತು. ರಾತ್ರಿ ಸಂತ್ರಿ ಡ್ಯೂಟಿಗೆ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಟಾರ್ಚು, ವಾಚು. ಒಬ್ಬೊಬ್ಬನಿಗೆ ಒಂದು ಗಂಟೆ. ನಂದು ಮೂರರಿಂದ ನಾಲ್ಕು. ನಿಂದು ನಾಲ್ಕರಿಂದ ಐದು, ಕಡೇದು. ನೀನೇ ಕೇಳಿ ತಗೊಂಡದ್ದು, ತೋಟಕ್ಕೆ ನೀರು ಬಿಡ್ಲಿಕ್ಕೆ ನಾಲ್ಕಕ್ಕೆ ಎದ್ದವ ನಾನು, ನಂಗೆ ಅಭ್ಯಾಸ ಉಂಟು ಅಂತ.

ಮೊದಲ ಸಲ ಐದೇ ನಿಮಿಷ. ದಪ್ಪ ಗ್ಲೌಸಲ್ಲಿ ವಾಚಿನ ಕೀ ಎಳೀಲಿಕ್ಕೆ ಆಗುವುದಿಲ್ಲ, ಹೊರಗಿನ ಗ್ಲೌಸ್ ತೆಗೆದು ಹಲ್ಲಲ್ಲಿ ಕಚ್ಚಿ ಹಿಡಿದು, ಉಗುರಲ್ಲಿ ಕೀ ಎಳೆದು, ಮುಳ್ಳು ಮುಂದೆ ತಿರುಗಿಸಿ, ಒತ್ತಿ, ಮತ್ತೆ ಗ್ಲೌಸ್ ಹಾಕೋದು. ಐದು ನಿಮಿಷ ಕದೀಲಿಕ್ಕೆ ಒಂದು ನಿಮಿಷದ ಕೆಲಸ, ಬೆರಳು ಸುಟ್ಟ ಹಾಗೆ ಆಗ್ತದೆ. ಆಮೇಲೆ ಹತ್ತಾಯ್ತು. ಲೆಕ್ಕ ನಿಂಗೆ ಗೊತ್ತು. ಮಧ್ಯದ ಪಾಳಿಯವ ಮುಳ್ಳು ತಿರುಗಿಸಿದ್ರೆ ಮುಂದಿನವನಿಗೆ ನಷ್ಟ ಇಲ್ಲ, ಅವ ಅದೇ ವಾಚು ನೋಡಿ ತನ್ನ ಒಂದು ಗಂಟೆ ನಿಂತು ಹೋಗ್ತಾನೆ. ಕಡೆಯವನಿಗೆ ಮಾತ್ರ ವಾಚು ಲೆಕ್ಕಕ್ಕೆ ಬರುವುದಿಲ್ಲ, ಕಂಪನಿಯಿಂದ ವೈರ್‌ಲೆಸ್ ಸೆಟ್ಟಲ್ಲಿ ಕಾಲ್ ಬರೋದು ಅವರ ವಾಚಿನ ಐದಕ್ಕೆ, ಅಲ್ಲಿವರೆಗೆ ಅವ ನಿಲ್ಲಬೇಕು. ಎಲ್ಲರ ಸಾಲ ಅವನ ತಲೆಗೆ. ಬೆಳಿಗ್ಗೆ ಹವಾಲ್ದಾರ್ ಸಾಬ್ ಸೆಟ್ಟಿನ ಟೈಮಿಗೆ ವಾಚು ಮಿಲಾಯಿಸಿ ನಿನ್ನ ಎಚ್‌ಎಂಟಿಗೆ ಬೈದು, ಎಲ್ಲರೂ ನಕ್ಕು, ಚಾ ಕುಡಿದು. ಮ್ಯಾಗ್ನೆಟ್ಟಿನ ಥಿಯರಿ ಹೇಳಿದ್ದು ಯಾರು ಅಂತ ನೆನಪುಂಟಾ? ನಾನೇ. ಪಿಯುಸಿ ಸೈನ್ಸ್ ಅಂತ ಎಲ್ಲರೂ ನಂಬಿದ್ರು. ನೀನೂ ನಂಬಿದೆ, ಅಂದಿನಿಂದ ವಾಚನ್ನು ಟೆಲಿಫೋನಿಂದ ದೂರ, ನಿನ್ನ ಬನಿಯನ್ನಿನ ಒಳಗೆ ಇಟ್ಕೊಂಡು ಮಲಗ್ತಿದ್ದೆ.

ಆ ರಾತ್ರಿ ಗಾಳಿ ಇತ್ತು. ಇಪ್ಪತ್ತು ನಿಮಿಷ ತಿರುಗಿಸಿದೆ. ನಿನ್ನನ್ನು ಎಬ್ಬಿಸಿದೆ, ನೀನು ಎಂತ ಇಷ್ಟು ಬೇಗ ಆಯ್ತಾ ಅಂದೆ, ನಾನು ವಾಚು ತೋರಿಸಿದೆ. ಸ್ಲೀಪಿಂಗ್ ಬ್ಯಾಗಿನ ಒಳಗೆ ಹೋಗಿ ಮಲಗಿದೆ. ಹೊರಗೆ ನೀನು ಕಾಲು ಕುಟ್ಟೋದು ಕೇಳ್ತಿತ್ತು, ಧಬ್ ಧಬ್ ಧಬ್. ಅದನ್ನು ಕೇಳ್ತಾ ನಂಗೆ ಲಾಯ್ಕಲ್ಲಿ ನಿದ್ದೆ ಹತ್ತಿತು ಮಾರಾಯ, ನಮ್ಮ ಮನೇಲಿ ಅಮ್ಮ ಅವಲಕ್ಕಿ ಕುಟ್ಟುವ ಹಾಗೆ. ಆಮೇಲೆ ಆ ಶಬ್ದ ನಿಂತದ್ದೂ ಗೊತ್ತಾಯ್ತು. ನಿದ್ದೆ ಪೂರ್ತಿ ಬಂದಿರ್ಲಿಲ್ಲ. ಬೆಚ್ಚಗಾಯ್ತೇನೋ ಅವನಿಗೆ ಅಂದ್ಕೊಂಡು ಮಗ್ಗುಲು ತಿರುಗಿದೆ.

ಸಾಕ್ಸ್ ಒದ್ದೆ ಇತ್ತು, ಅದಕ್ಕೆ ಹಾಗಾದದ್ದು ಅಂತ ಡಾಕ್ಟ್ರು ಹೇಳಿದ್ರು, ನೀನೂ ಅದನ್ನೇ ಹೇಳಿಕೊಂಡು ಬಂದೆ, ನಾನೂ ಅದನ್ನೇ ಹಿಡ್ಕೊಂಡೆ. ಇರಬಹುದು. ಬೇರೆಯವ್ರೂ ಮುಳ್ಳು ತಿರುಗಿಸಿರಬಹುದು, ನಂಗೆ ಗೊತ್ತಿರೋದು ನನ್ನ ಇಪ್ಪತ್ತು ಮಾತ್ರ. ಹವಾಮಾನ ಸರಿ ಆಗಿ ಚೀತಾ ಹೆಲಿಕಾಪ್ಟರ್ ಬಂದದ್ದು ಮೂರನೇ ದಿನ. ಚಳಿಗೆ ಸತ್ತು ಕಾಲಿನ ಎರಡು ಬೆರಳು ಹೋಯ್ತು, ನೀನು ಲೋ ಮೆಡಿಕಲ್ ಕೆಟಗರಿ, ಅಂದ್ರೆ ಕಷ್ಟದ ಡ್ಯೂಟಿಗೆ ಆಗದವ, ಆದೆ, ಸ್ಟೋರಲ್ಲಿ ಕಂಬಳಿ ಲೆಕ್ಕ ಹಾಕಿ 15 ವರ್ಷಕ್ಕೆ ಪೆನ್ಶನ್ ತಗೊಂಡು ತೋಟಕ್ಕೆ ಹೋದೆ. ಪ್ರಮೋಷನ್ ಲಿಸ್ಟಲ್ಲಿ ನಿನ್ನ ಹೆಸರು ನನ್ನಕ್ಕಿಂತ ಮೇಲೆ ಇತ್ತು ಅಂತ ನಿಂಗೆ ಗೊತ್ತುಂಟಾ? ನಂಗೆ ಆಗಲೇ ಗೊತ್ತಿತ್ತು. ಜನ ನನ್ನನ್ನು ಸುಬೇದಾರ್ ಸಾಬ್ ಅಂತ ಕರೆದಾಗಲೆಲ್ಲ ಖುಷಿಯೇ ಆಗಿದೆ, ಸುಳ್ಳು ಹೇಳುವುದಿಲ್ಲ. ಬೇಜಾರು ಆಗಬೇಕಿತ್ತು, ಆಗ್ಲಿಲ್ಲ. ವಾಚು ರಿಪೇರಿಗೆ ಕೊಡುವವರೆಗೆ ನಾನೂ ಅದು ಫಾಸ್ಟ್ ಹೋಗುವ ವಾಚು ಅಂತಲೇ ನಂಬಿದ್ದೆ ಅಂತ ಕಾಣ್ತದೆ. ನಾನೇ ತಿರುಗಿಸಿದ್ದು, ನಾನೇ ನಂಬಿದ್ದು. ಹೇಗೆ ಅಂತ ನನ್ನನ್ನು ಕೇಳ್ಬೇಡ.

ಸಾಕು. ಹೆಂಡತಿ ಎರಡು ಸಲ ಬಂದು ಬಗ್ಗಿ ನೋಡಿ ಹೋದ್ಳು, ಎಂತ ಇಷ್ಟು ಬರೆಯೋದು, ಉಯಿಲಾ ಅಂತ. ಮಗ ಕೊಡಿಸಿದ ಸ್ಮಾರ್ಟ್ ವಾಚು ಈಗಷ್ಟೇ ಕೈ ನಡುಗಿಸಿತು, ತುಂಬಾ ಹೊತ್ತು ಕೂತಿದ್ದೀರಿ, ಎದ್ದು ನಡೀರಿ ಅಂತ. ಉಸ್ತಾದ್ ಸತ್ತು ಇದರ ಒಳಗೆ ಹುಟ್ಟಿದ್ದಾನೆ ಅಂತ ನಂಗೆ ಡೌಟು. ರಿಟೈರ್ ಆದಾಗ ಪಲ್ಟನ್ನಿನವ್ರು ಎಂತ ಕೊಟ್ಟದ್ದು ಗೊತ್ತುಂಟಲ್ಲ? ಗೋಡೆ ಗಡಿಯಾರ! ಇನ್ನು ನಿಂಗೆ ಟೈಮ್ ನೋಡುವ ಕೆಲಸ ಇಲ್ಲ ಅಂತ ಕಳಿಸುವಾಗ ಕೊಡುವ ವಸ್ತುವಾ ಅದು? ಮಳೆಗಾಲದಲ್ಲಿ ಅದರ ಹಿಂದೆ ಹಲ್ಲಿ ಸಂಸಾರ ಮಾಡ್ತದೆ, ಅವಕ್ಕಾದ್ರೂ ಉಪಕಾರ ಆಯ್ತು.

ಶನಿವಾರ ಬೆಳಿಗ್ಗೆ ಬಸ್ಸಿಗೆ ಬರ್ತೇನೆ, ಬಂಟ್ವಾಳದಲ್ಲಿ ಇಳಿದು ರಿಕ್ಷಾ ಮಾಡ್ತೇನೆ. ಹೊಸ ಬೆಲ್ಟ್ ಹಾಕಿಸಿದ್ದೇನೆ, ಕಂದು ಬಣ್ಣ. ಹುಡುಗನಿಗೆ ಹೇಳು, ದಿನಾ ಬೆಳಿಗ್ಗೆ ಒಂದೇ ಹೊತ್ತಿಗೆ ಕೀ ಕೊಡ್ಬೇಕು, ಬಿಗಿ ಆದ ಮೇಲೆ ಒತ್ತಾಯ ಮಾಡಬಾರದು, ಫ್ರಿಜ್ಜಿನ ಮೇಲೆ ಸ್ಪೀಕರಿನ ಮೇಲೆ ಇಡಬಾರದು, ಮ್ಯಾಗ್ನೆಟ್ ತಾಗ್ತದೆ. ನಗ್ಬೇಡ, ಇದು ನಿಜವಾದ ಮ್ಯಾಗ್ನೆಟ್. ಹಾಗೇ ಆ ಇಪ್ಪತ್ತು ರೂಪಾಯಿ ನಾನು ಕೊಡ್ತೇನೆ, ಬಡ್ಡಿ ಕೇಳ್ಬೇಡ. ನೀನು ಬಾಗಿಲು ತೆಗೀದಿದ್ರೆ ಅಂಗಳದಲ್ಲಿ ಇಪ್ಪತ್ತು ನಿಮಿಷ ನಿಲ್ತೇನೆ, ಬಿಸಿಲು ಇದ್ರೆ ಹದಿನೈದು.

ಅತ್ತಿಗೆಗೆ ಇದನ್ನು ಓದಿ ಹೇಳ್ಬೇಡ. ಕಡೇಪಕ್ಷ ಕೋರಿ ರೊಟ್ಟಿ ಬಡಿಸುವವರೆಗೆ.

ನಿನ್ನ,
ಕ್ಯಾಸಿಯೋ