ನಿಟಿನಾಲ್ ತಂತಿ ಕರಗುವುದಿಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ವಿಜ್ಞಾನ ಪುಟದಲ್ಲಿ ನಿಟಿನಾಲ್ ತಂತಿಯ ಬಗ್ಗೆ, ಅಂದರೆ ಬಗ್ಗಿಸಿದರೂ ಬಿಸಿ ಮಾಡಿದರೆ ಹಳೆಯ ಆಕಾರಕ್ಕೆ ಮರಳುವ ಲೋಹದ ತಂತಿಯ ಬಗ್ಗೆ ಬರೆದಿದ್ದೀರಿ. ಇಂಥ ವಿಷಯ ಕನ್ನಡದಲ್ಲಿ ಬರುವುದೇ ಅಪರೂಪ, ಖುಷಿಯಾಯಿತು. ಆದರೆ ಬಿಸಿ ತಾಗಿದಾಗ ಲೋಹ ಒಳಗೊಳಗೇ ಕರಗಿ ಹಳೆಯ ಆಕಾರಕ್ಕೆ ಬರುತ್ತದೆ ಎಂಬ ಮಾತು ಪೂರ್ತಿ ತಪ್ಪು. ನಿಕ್ಕಲ್, ಟೈಟಾನಿಯಂ ಸೇರಿದ ಈ ಲೋಹ ಕರಗಲು ಸುಮಾರು 1,300 ಡಿಗ್ರಿ ಸೆಲ್ಸಿಯಸ್ ಬೇಕು. ನೀವು ಹಾಕಿದ ಚಿತ್ರದಲ್ಲಿರುವುದು ಒಂದು ಲೋಟ ಬಿಸಿನೀರು!

ಅಲ್ಲಿ ಆಗುವುದೇ ಬೇರೆ. ತಣ್ಣಗಿರುವಾಗ ಇದರ ಪರಮಾಣುಗಳು ಓರೆಯಾದ ಜೋಡಣೆಯಲ್ಲಿರುತ್ತವೆ, ಬಿಸಿಯಾದರೆ ನೆಟ್ಟಗಿನ ಚೌಕ ಜೋಡಣೆಗೆ ಬರುತ್ತವೆ. ಈ ಬದಲಾವಣೆ ಆಗುವಾಗಲೆಲ್ಲ ತಂತಿ ಗಟ್ಟಿಯಾಗಿಯೇ ಇರುತ್ತದೆ. ಘಾಟಿ ತಿರುವಿನಲ್ಲಿ ಬಸ್ಸಿನಲ್ಲಿ ನಿಂತವರೆಲ್ಲ ಒಟ್ಟಿಗೆ ವಾಲುತ್ತಾರಲ್ವಾ, ಯಾರ ಪಕ್ಕ ಯಾರಿದ್ದರೋ ಅವರೇ ಇರುತ್ತಾರೆ, ಹಾಗೆ. ಅಕ್ಕಪಕ್ಕದವರು ಬದಲಾಗದ್ದರಿಂದಲೇ ವಾಪಸ್ ಬರುವ ದಾರಿ ತಪ್ಪುವುದಿಲ್ಲ. ಕರಗಿದ್ದರೆ ಎಲ್ಲ ಕಲಸಿಹೋಗಿ ಹಳೆಯ ಆಕಾರದ ಗುರುತೇ ಉಳಿಯುತ್ತಿರಲಿಲ್ಲ. ತೀರಾ ಜಾಸ್ತಿ ಎಳೆದರೂ ಕೆಲಸ ಕೆಡುತ್ತದೆ, ಉದ್ದದ ಶೇ 8ರ ಆಸುಪಾಸು ದಾಟಿದರೆ ತಂತಿ ಪೂರ್ತಿ ಹಿಂದಕ್ಕೆ ಬರುವುದಿಲ್ಲ.

ಇನ್ನು, ‘40 ಡಿಗ್ರಿಯಲ್ಲಿ ಬದಲಾಗುತ್ತದೆ’ ಅಂತ ಸುಮ್ನೆ ಒಂದು ಸಂಖ್ಯೆ ಕೊಟ್ಟರೆ ಸಾಲದು. ಬಿಸಿಯಾಗುವಾಗ ಬದಲಾಗುವ ತಾಪಮಾನ ಬೇರೆ, ತಣ್ಣಗಾಗುವಾಗ ಬೇರೆ. ನಡುವೆ ಸಾಮಾನ್ಯವಾಗಿ 20–30 ಡಿಗ್ರಿ ಅಂತರ ಇರುತ್ತದೆ. ಸಾಲದ್ದಕ್ಕೆ, ನಿಕ್ಕಲ್ ಪಾಲು ಶೇ 1ರಷ್ಟು ಆಚೀಚೆ ಆದರೂ ಬದಲಾಗುವ ತಾಪಮಾನವೇ 100 ಡಿಗ್ರಿಯಷ್ಟು ಸರಿದುಬಿಡಬಹುದು.

ಬಿಸಿಯೇ ಬೇಕೆಂದೂ ಇಲ್ಲ. ಹಲ್ಲಿಗೆ ಹಾಕುವ ಕ್ಲಿಪ್ಪಿನ ನಿಟಿನಾಲ್ ತಂತಿ ಸಾಮಾನ್ಯವಾಗಿ ಬಾಯಿಯ ಶಾಖಕ್ಕೇ ಚೌಕ ಜೋಡಣೆಯಲ್ಲಿರುತ್ತದೆ. ಅದನ್ನು ಜೋರಾಗಿ ಬಗ್ಗಿಸಿದರೆ ಓರೆಯಾಗುತ್ತದೆ, ಬಿಟ್ಟರೆ ಮತ್ತೆ ಮೊದಲಿನಂತೆ. ಒತ್ತಡಕ್ಕೂ ಇಂಥದ್ದೇ ಆಟ ಇದೆ. ಬಿಸ್ಮತ್ ಲೋಹವನ್ನು ವಾತಾವರಣದ ಒತ್ತಡದ 25,000 ಪಟ್ಟು ಒತ್ತಿದರೆ ಅದರ ಜೋಡಣೆ ಬದಲಾಗುತ್ತದೆ, ಒತ್ತಡ ಇಳಿಸಿದರೆ ಹಿಂದಕ್ಕೆ ಬರುತ್ತದೆ. ಪ್ರಯೋಗಾಲಯಗಳಲ್ಲಿ ಒತ್ತಡದ ಅಳತೆ ಸರಿಯಿದೆಯೇ ಎಂದು ನೋಡಲು ಇದನ್ನೇ ಗುರುತಾಗಿ ಇಟ್ಟುಕೊಳ್ಳುತ್ತಾರೆ. ಆದರೆ ನೀವು ಗ್ರಾಫೈಟ್ ವಜ್ರವಾಗುವುದನ್ನೂ ಇದೇ ಸಾಲಿಗೆ ಸೇರಿಸಿದ್ದು ಸರಿಯಲ್ಲ. ಅಲ್ಲಿ ಬಂಧಗಳೇ ಮುರಿದು ಹೊಸದಾಗಿ ಕಟ್ಟಬೇಕು. ಒತ್ತಡ ಇಲ್ಲ ಅಂತ ಉಂಗುರದ ವಜ್ರ ಪೆನ್ಸಿಲ್ ಕಡ್ಡಿ ಆಗುವುದಿಲ್ಲ ಅಲ್ವಾ?

ಬರೆಯಬಹುದಾಗಿದ್ದ ಕಥೆಯನ್ನೇ ಬಿಟ್ಟಿದ್ದೀರಿ. ಅಮೆರಿಕ ನೌಕಾಪಡೆಯ ಪ್ರಯೋಗಾಲಯದಲ್ಲಿ ವಿಲಿಯಂ ಬ್ಯೂಲರ್ ಈ ಲೋಹದ ಮೇಲೆ ಕೆಲಸ ಮಾಡುತ್ತಿದ್ದರು. 1961ರ ಒಂದು ಸಭೆಯಲ್ಲಿ ಅದರ ಮಡಿಸಿದ ಪಟ್ಟಿಯೊಂದನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದಾಗ, ಡೇವಿಡ್ ಮಝಿ ಎಂಬ ಅಧಿಕಾರಿ ತಮ್ಮ ಪೈಪಿನ ಲೈಟರ್ ಹಚ್ಚಿ ಅದಕ್ಕೆ ಹಿಡಿದರು, ಪಟ್ಟಿ ಎಲ್ಲರೆದುರೇ ನೆಟ್ಟಗಾಯಿತು. ಅಷ್ಟು ದೂರ ಯಾಕೆ, ಬೆಂಗಳೂರಿನವರೇ ಆದ ಸಿ.ಎನ್.ಆರ್. ರಾವ್ ಅವರು ಕೆ.ಜೆ. ರಾವ್ ಅವರ ಜೊತೆ 1978ರಲ್ಲೇ ಘನವಸ್ತುಗಳ ಇಂಥ ಬದಲಾವಣೆಗಳ ಬಗ್ಗೆ ಇಡೀ ಒಂದು ಪುಸ್ತಕ ಬರೆದಿದ್ದಾರೆ.

ಮುಂದಿನ ಭಾನುವಾರ ಅದೇ ಪುಟದಲ್ಲಿ ತಿದ್ದುಪಡಿ ಹಾಕಿ. ಮೂಲೆಯಲ್ಲಿ ಬೇಡ, ಕಣ್ಣಿಗೆ ಬೀಳುವಂತೆ ಹಾಕಿ. ಹೈಸ್ಕೂಲ್ ಮಕ್ಕಳು ಆ ಪುಟ ಕತ್ತರಿಸಿ ಪ್ರಾಜೆಕ್ಟಿಗೆ ಅಂಟಿಸುತ್ತಾರೆ.

— ನಿವೃತ್ತ ವಿಜ್ಞಾನ ಶಿಕ್ಷಕ, ಶಿವಮೊಗ್ಗ