ಗಾಯದ ಜೆಲ್ ಇನ್ನು ಟ್ಯೂಬಿನಲ್ಲಿ ಅಲ್ಲ, ಸಿರಿಂಜಿನಲ್ಲಿ: ಗ್ರಾಹಕರಿಗೆ ಪತ್ರ

ಮಾನ್ಯ ಸದಸ್ಯರೇ, ನರ್ಸಿಂಗ್ ಹೋಮ್ ಹಾಗೂ ಕ್ಲಿನಿಕ್‌ಗಳ ವೈದ್ಯರೇ ಮತ್ತು ಶುಶ್ರೂಷಕಿಯರೇ,

ನಮ್ಮ ಸಹಕಾರ ಸಂಘದ ಸರ್ಜಿಕಲ್ ಮಳಿಗೆಯಲ್ಲಿ ಮುಂದಿನ ತಿಂಗಳ ಮೊದಲ ದಿನದಿಂದ ಹೈಡ್ರೋಜೆಲ್ (ಗಾಯಕ್ಕೆ ಹಚ್ಚುವ ನೀರಿನಂಶದ ಜೆಲ್) ಟ್ಯೂಬುಗಳ ಮಾರಾಟವನ್ನು ನಿಲ್ಲಿಸಿ, ಅದೇ ಬಗೆಯ ಜೆಲ್ಲನ್ನು ಒಮ್ಮೆ ಬಳಸಿ ಬಿಸಾಡುವ, ಸೂಜಿಯಿಲ್ಲದ ಸಿರಿಂಜಿನಲ್ಲಿ ಮಾತ್ರ ಒದಗಿಸಲು ಆಡಳಿತ ಮಂಡಳಿ ತೀರ್ಮಾನಿಸಿದೆ. ವೈದ್ಯರ ಚೀಟಿ ಇಲ್ಲದೆ ಇದನ್ನು ಕೊಡಲಾಗುವುದಿಲ್ಲ. ಪ್ರತಿ ಡ್ರೆಸ್ಸಿಂಗಿನ ಖರ್ಚು ಇದರಿಂದ ಹೆಚ್ಚಾಗುತ್ತದೆ; ಆದ್ದರಿಂದ ಕಾರಣವನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಹೈಡ್ರೋಜೆಲ್ಲಿನ ತೂಕದಲ್ಲಿ ಬಹುಪಾಲು ನೀರೇ ಇರುತ್ತದೆ. ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಆಲ್ಜಿನೇಟ್, ಪೆಕ್ಟಿನ್ ಮುಂತಾದ ಅಂಟುಪದಾರ್ಥಗಳ ಎಳೆಗಳು ಬಲೆಯಂತೆ ಹೆಣೆದುಕೊಂಡು ಆ ನೀರನ್ನು ಹಿಡಿದಿಟ್ಟಿರುತ್ತವೆ. ಗಾಯ ಒಣಗಿ ಹಕ್ಕಳೆ ಕಟ್ಟಿದರೆ ಬೇಗ ಮಾಯುತ್ತದೆ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಇಂದಿಗೂ ಗಟ್ಟಿಯಾಗಿದೆ. ಆದರೆ 1962ರಲ್ಲಿ ಸಂಶೋಧಕ ಜಾರ್ಜ್ ವಿಂಟರ್ ಅವರು ಹಂದಿಗಳ ಮೇಲಿನ ಮೇಲ್ಪದರದ ಗಾಯಗಳನ್ನು ಪರೀಕ್ಷಿಸಿ, ತೇವ ಆರದಂತೆ ಮುಚ್ಚಿಟ್ಟ ಗಾಯದ ಮೇಲೆ ಹೊಸ ಚರ್ಮವು ಗಾಳಿಗೆ ತೆರೆದಿಟ್ಟ ಗಾಯಕ್ಕಿಂತ ಸುಮಾರು ಎರಡು ಪಟ್ಟು ಬೇಗ ಹರಡುತ್ತದೆ ಎಂದು ತೋರಿಸಿದರು. ಒಣಗಿ ಅಂಟಿಕೊಂಡ ಸತ್ತ ಪದರಕ್ಕೆ ನೀರುಣಿಸಿ, ದೇಹವೇ ಅದನ್ನು ಕಳಚಿಕೊಳ್ಳುವಂತೆ ಮಾಡುವುದು ಜೆಲ್ಲಿನ ಕೆಲಸ.

ಟ್ಯೂಬಿನ ತೊಡಕು ಎದ್ದು ಕಾಣುವುದು ಸಕ್ಕರೆ ಕಾಯಿಲೆಯವರ ಪಾದದ ಹುಣ್ಣಿನಲ್ಲಿ ಮತ್ತು ಹಾಸಿಗೆ ಹಿಡಿದವರ ಬೆನ್ನಿನ ಹುಣ್ಣಿನಲ್ಲಿ. ಇವುಗಳ ಬಾಯಿ ಕಿರಿದಾಗಿದ್ದರೂ ಒಳಗೆ ಚರ್ಮದ ಅಡಿಯಲ್ಲಿ ಪೊಳ್ಳು ಹರಡಿರುವುದುಂಟು. ಬೆರಳಿನಿಂದಲೋ ಕಡ್ಡಿಯಿಂದಲೋ ಹಚ್ಚಿದ ಜೆಲ್ ಬಾಯಿಯಲ್ಲೇ ನಿಂತು, ಅದರ ಹಿಂದೆ ಉಳಿದ ಖಾಲಿ ಜಾಗದಲ್ಲಿ ರಸಿಗೆ ತುಂಬಿಕೊಳ್ಳುತ್ತದೆ. ಸಿರಿಂಜಿನ ಮೊಂಡು ತುದಿಯನ್ನು ಒಳಗಿಟ್ಟು ನಿಧಾನವಾಗಿ ಒತ್ತಿದರೆ ಜೆಲ್ ತಳದಿಂದ ಮೇಲಕ್ಕೆ ತುಂಬುತ್ತ ಬರುತ್ತದೆ. ತುದಿ ತಾನಾಗಿ ಹೋಗುವಷ್ಟು ದೂರ ಮಾತ್ರ ಹೋಗಲಿ, ಬಲವಂತವಾಗಿ ತಳ್ಳಬಾರದು. ಇನ್ನೊಂದು ಕಾರಣ ಶುಚಿತ್ವದ್ದು: ಮುಚ್ಚಳ ತೆರೆದ ಟ್ಯೂಬು ಮತ್ತೆ ಕ್ರಿಮಿರಹಿತವಾಗಿ ಉಳಿಯುವುದಿಲ್ಲ, ಆದರೂ ದುಬಾರಿ ವಸ್ತುವೆಂದು ಜನ ಅದನ್ನು ವಾರಗಟ್ಟಲೆ ಇಟ್ಟು ಬಳಸುತ್ತಾರೆ. ಅದು ಸಹಜವೇ, ಆದರೆ ಅಪಾಯಕರ.

‘ಇಂಜೆಕ್ಟಬಲ್ ಹೈಡ್ರೋಜೆಲ್’ ಎಂಬ ಸುದ್ದಿಗಳನ್ನು ಓದಿ, ಇದು ಅದೇ ತಾನೇ ಎಂದು ಕೆಲವರು ವಿಚಾರಿಸಿದ್ದಾರೆ. ಅಲ್ಲ. ಸಂಶೋಧಕರು ಆ ಹೆಸರಿನಿಂದ ಕರೆಯುವ ಜೆಲ್ಲುಗಳು ಸಿರಿಂಜಿನಿಂದ ದ್ರವವಾಗಿಯೋ ಮೆದುವಾಗಿಯೋ ಹೊರಬಂದು, ಗಾಯದೊಳಗೆ ಹೋದ ಮೇಲೆ ಅದರ ಆಕಾರಕ್ಕೆ ಹೊಂದಿಕೊಂಡು ಗಟ್ಟಿಯಾಗುತ್ತವೆ. ಉದಾಹರಣೆಗೆ, ಪೊಲಾಕ್ಸಮರ್ 407 ಎಂಬ ಕೃತಕ ವಸ್ತುವಿನ ದ್ರಾವಣ ತಂಪಿನಲ್ಲಿ ನೀರಾಗಿದ್ದು ಮೈಬಿಸಿಗೆ ಹೆಪ್ಪುಗಟ್ಟುತ್ತದೆ. ಸಿಗಡಿ ಮತ್ತು ಏಡಿಯ ಚಿಪ್ಪಿನಿಂದ ತಯಾರಿಸುವ ಕೈಟೋಸಾನನ್ನು ತಕ್ಕ ಸಕ್ಕರೆ ಪಾಲಿಮರಿನೊಡನೆ (ಸಕ್ಕರೆಯ ಘಟಕಗಳು ಸರಪಳಿಯಂತೆ ಸೇರಿದ ವಸ್ತುವಿನೊಡನೆ) ಬೆರೆಸಿದಾಗ ಉಂಟಾಗುವ ಬಂಧಗಳು ಮುರಿದರೂ ಮತ್ತೆ ಕೂಡಿಕೊಳ್ಳುವುದರಿಂದ, ಸಿರಿಂಜಿನಿಂದ ಹೊರಬಂದ ಜೆಲ್ ಮತ್ತೆ ಒಂದಾಗುತ್ತದೆ. 2015ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡವೊಂದು ಸೂಕ್ಷ್ಮ ಜೆಲ್ ಕಣಗಳನ್ನು ಗಾಯಕ್ಕೆ ತುಂಬಿ ಅಲ್ಲೇ ಒಂದಕ್ಕೊಂದು ಬೆಸೆಯುವ ವಿಧಾನವನ್ನು ಪ್ರಕಟಿಸಿತು; ಕಣಗಳ ನಡುವಿನ ಸಂದುಗಳಲ್ಲಿ ಜೀವಕೋಶಗಳು ಒಳನುಗ್ಗಲು ಅವಕಾಶವಾಗುತ್ತದೆ. ಇವು ನಿಜಕ್ಕೂ ಭರವಸೆಯ ಕೆಲಸಗಳೇ. ಆದರೆ ಇಂಥವುಗಳಲ್ಲಿ ಬಹುಪಾಲು ಇನ್ನೂ ಪ್ರಯೋಗಾಲಯದ ಮತ್ತು ಪ್ರಾಣಿಪ್ರಯೋಗದ ಹಂತದಲ್ಲಿವೆ. ನಾವು ಕೊಡುವುದು ಒಳಗೆ ಗಟ್ಟಿಯಾಗದ, ಹಳೆಯ ಸಾಮಾನ್ಯ ಜೆಲ್. ಬದಲಾಗಿರುವುದು ಅದನ್ನು ತುಂಬಿದ ಸಾಧನವಷ್ಟೇ. ಬೇರೆ ಯಾರಾದರೂ ಇದನ್ನೇ ಹೊಸ ತಂತ್ರಜ್ಞಾನವೆಂದು ಹೇಳಿ ಮಾರಿದರೆ ದಯವಿಟ್ಟು ನಂಬಬೇಡಿ.

ಚೀಟಿ ಕೇಳುವುದು ಏಕೆಂದರೆ, ಜೆಲ್ ಎಲ್ಲ ಗಾಯಕ್ಕೂ ಹೊಂದುವುದಿಲ್ಲ. ರಸಿಗೆ ಧಾರಾಳವಾಗಿ ಸುರಿಯುವ ಗಾಯಕ್ಕೆ ಇದನ್ನು ತುಂಬಿದರೆ ಸುತ್ತಲಿನ ಚರ್ಮ ನೆನೆದು ಬೆಳ್ಳಗಾಗಿ ಕಿತ್ತುಬರುತ್ತದೆ. ರಕ್ತ ಸಂಚಾರ ನಿಂತು ಕಪ್ಪಾಗಿ ಒಣಗಿದ ಬೆರಳನ್ನು ಒಣಗಿದಂತೆಯೇ ಇಡಬೇಕು, ನೆನೆಸಬಾರದು. ಸಕ್ಕರೆ ಕಾಯಿಲೆಯ ಪಾದದ ಹುಣ್ಣುಗಳನ್ನು ಕುರಿತ 2013ರ ಕೊಕ್ರೇನ್ ವಿಮರ್ಶೆಯು (ಹಲವು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ), ಆಳವಿಲ್ಲದ ಹುಣ್ಣುಗಳಲ್ಲಿ ಹೈಡ್ರೋಜೆಲ್ ಸಾಧಾರಣ ಪಟ್ಟಿಗಿಂತ ಮೇಲಿರಬಹುದು ಎಂದರೂ, ಆಧಾರವಾದ ಅಧ್ಯಯನಗಳಲ್ಲಿ ಲೋಪಗಳಿರುವುದರಿಂದ ಖಚಿತವಾಗಿ ಹೇಳಲಾಗದು ಎಂದೇ ತೀರ್ಮಾನಿಸಿತು. ಸ್ಪರ್ಶಜ್ಞಾನ ಕಳೆದುಕೊಂಡ ಪಾದದ ಮೇಲೆ ಭಾರ ಬೀಳುತ್ತಲೇ ಇದ್ದರೆ ಎಂಥ ಜೆಲ್ ಹಾಕಿದರೂ ಹುಣ್ಣು ಮಾಯುವುದು ಕಷ್ಟ. ಕಾಲಿನ ಭಾರ ಇಳಿಸುವ ಪಾದರಕ್ಷೆ, ರಕ್ತದ ಸಕ್ಕರೆಯ ಹತೋಟಿ ಮತ್ತು ಸೋಂಕಿನ ಚಿಕಿತ್ಸೆಯ ವಿಷಯದಲ್ಲಿ ವೈದ್ಯರ ಮಾತೇ ಮುಖ್ಯ. ನಮ್ಮ ಸರಕು ಅವುಗಳ ನಂತರದ್ದು.

ಬಳಸುವಾಗ ಗಾಯವನ್ನು ಸಲೈನಿನಿಂದ ತೊಳೆದು, ಜೆಲ್ ತುಂಬಿ, ಮೇಲೆ ಫಿಲ್ಮ್ ಅಥವಾ ಫೋಮ್ ಡ್ರೆಸ್ಸಿಂಗ್ ಹಾಕಬೇಕು. ಒಣ ಗಾಜ್ ಬಟ್ಟೆಯನ್ನು ನೇರವಾಗಿ ಇಟ್ಟರೆ ಜೆಲ್ಲಿನ ನೀರನ್ನು ಅದೇ ಹೀರಿಬಿಡುತ್ತದೆ. ಸಿರಿಂಜಿನಲ್ಲಿ ಉಳಿದದ್ದನ್ನು ನಾಳೆಗೆಂದು ತೆಗೆದಿಡಬಾರದು. ಜ್ವರ, ದುರ್ವಾಸನೆ, ಹೆಚ್ಚುತ್ತಿರುವ ಕೆಂಪು ಅಥವಾ ಊತ ಕಂಡರೆ ಮುಂದಿನ ಡ್ರೆಸ್ಸಿಂಗಿಗೆ ಕಾಯದೆ ವೈದ್ಯರ ಬಳಿ ಹೋಗಬೇಕು.

ಮೊಹರು ಒಡೆಯದ ಟ್ಯೂಬುಗಳನ್ನು ಬಿಲ್ಲಿನೊಂದಿಗೆ ಈ ತಿಂಗಳ ಕೊನೆಯೊಳಗೆ ಮಳಿಗೆಗೆ ತಂದರೆ ಪೂರ್ಣ ಬೆಲೆಯನ್ನು ಮರಳಿಸಲಾಗುವುದು. ಕ್ಲಿನಿಕ್‌ಗಳ ತಿಂಗಳ ಉದ್ದರಿ ಲೆಕ್ಕ ಮತ್ತು ಹಾಸಿಗೆ ಹಿಡಿದ ರೋಗಿಗಳ ಮನೆಗೆ ಸಾಮಾನು ತಲುಪಿಸುವ ಏರ್ಪಾಡು ಮೊದಲಿನಂತೆಯೇ ಮುಂದುವರಿಯುತ್ತವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ